ಹೆಲಿಕಾಪ್ಟರು ಎಷ್ಟು ಹೊರಬಲ್ಲದು? ಮೊದಲ ಸೈನಿಕ ಸಾಗಣೆ ಹೆಲಿಕಾಪ್ಟರುಗಳ ವಿಚಾರ

ಹೆಲಿಕಾಪ್ಟರು ಹಾರುವುದನ್ನು ಕಂಡವರೆಲ್ಲರೂ ಮೆಚ್ಚುವುದು ಅದು ನೆಟ್ಟಗೆ ಮೇಲೇಳುವ ಬಗೆಯನ್ನು. ಅದಕ್ಕೆ ಮೈಲಿಯುದ್ದದ ಓಡುದಾರಿ ಬೇಡ. ಒಕ್ಕಲಿಗನ ಕಣದಷ್ಟು ಬಯಲಿದ್ದರೆ ಸಾಕು. ಬೇಕಾದಲ್ಲಿ ಇಳಿಯುತ್ತದೆ, ಬೇಕಾದರೆ ಆಕಾಶದಲ್ಲಿಯೇ ನಿಲ್ಲುತ್ತದೆ. ಇಷ್ಟೆಲ್ಲ ಸೌಕರ್ಯವಿರುವ ಯಂತ್ರವು ಹಳೆಯ ವಿಮಾನಗಳನ್ನು ಮೂಲೆಗೆ ತಳ್ಳಿ ಸಾಗಣೆಯ ಕೆಲಸವನ್ನೆಲ್ಲ ತಾನೇ ಏಕೆ ವಹಿಸಿಕೊಳ್ಳಲಿಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ಬೇಕಾದರೆ ಸೈನ್ಯಗಳು ಹೆಲಿಕಾಪ್ಟರಿನಲ್ಲಿ ಜನರನ್ನೂ ಸಾಮಗ್ರಿಯನ್ನೂ ಸಾಗಿಸಲು ಹೊರಟ ಮೊದಲ ಇಪ್ಪತ್ತು ವರ್ಷಗಳನ್ನು ನೋಡಬೇಕು. ಅಲ್ಲಿ ಒಬ್ಬ ಮನುಷ್ಯನ ತೂಕವೂ ದೊಡ್ಡ ಲೆಕ್ಕವಾಗಿತ್ತು.

ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಕೀಯೆವ್ ನಗರದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋದ ಇಗೊರ್ ಸಿಕೊರ್ಸ್ಕಿ ಎಂಬ ಎಂಜಿನಿಯರು 1939ರ ಸೆಪ್ಟೆಂಬರ್ 14ರಂದು ತನ್ನ ‘ವಿಎಸ್-300’ ಯಂತ್ರವನ್ನು ಹಗ್ಗ ಕಟ್ಟಿದ ಸ್ಥಿತಿಯಲ್ಲಿ ನೆಲದಿಂದ ಎತ್ತಿದನು. ಇದಕ್ಕಿಂತ ಮೊದಲೇ ಯೂರೋಪಿನಲ್ಲಿ ಹೆಲಿಕಾಪ್ಟರುಗಳು ಹಾರಿದ್ದುವು. ಆದರೆ ತಲೆಯ ಮೇಲೊಂದು ದೊಡ್ಡ ರೋಟರು, ಬಾಲದಲ್ಲೊಂದು ಚಿಕ್ಕ ರೋಟರು ಎಂಬ ಇಂದಿನ ಪರಿಚಿತ ರೂಪವನ್ನು ಬಳಕೆಗೆ ತಂದವನು ಸಿಕೊರ್ಸ್ಕಿ. ಇದರಿಂದ ಬೆಳೆದ ‘ಆರ್-4’ ಎಂಬ ಎರಡು ಆಸನಗಳ ಯಂತ್ರವು 1942ರ ಜನವರಿಯಲ್ಲಿ ಹಾರಿತು. ಸೈನ್ಯಕ್ಕೆಂದು ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಮೊದಲ ಅಮೆರಿಕನ್ ಹೆಲಿಕಾಪ್ಟರು ಇದೇ.

ಈ ಆರ್-4ರ ಮೊದಲ ಯುದ್ಧಕಾರ್ಯ ನಮ್ಮ ದೇಶದ ಗಡಿಯಲ್ಲಿಯೇ ನಡೆಯಿತು. 1944ರ ಏಪ್ರಿಲ್ ತಿಂಗಳಲ್ಲಿ ಬರ್ಮಾದ ಕಾಡಿನಲ್ಲಿ, ಜಪಾನೀ ಸೈನ್ಯದ ಹಿಂಬದಿಯಲ್ಲಿ, ಅಮೆರಿಕದ ಒಂದು ಚಿಕ್ಕ ವಿಮಾನ ಕೆಳಗಿಳಿಯಬೇಕಾಯಿತು. ಅದರಲ್ಲಿ ವೈಮಾನಿಕನೊಡನೆ ಮೂವರು ಬ್ರಿಟಿಷ್ ಸೈನಿಕರಿದ್ದರು. ಅವರು ನಡೆಯಲಾರದ ಸ್ಥಿತಿಯಲ್ಲಿದ್ದರು. ಅವರನ್ನು ಕರೆತರಲು ಅಸ್ಸಾಮಿನ ಲಾಲಾಘಾಟ್‌ನಿಂದ ಕಾರ್ಟರ್ ಹಾರ್ಮನ್ ಎಂಬ ಲೆಫ್ಟಿನೆಂಟನು ಆರ್-4ನ್ನು ಬೆಟ್ಟಸಾಲುಗಳ ಮೇಲೆ ಹಂತಹಂತವಾಗಿ ಹಾರಿಸಿಕೊಂಡು ಹೋದನು. ಕಾಡಿನ ತೆರಪಿನಿಂದ ಒಬ್ಬೊಬ್ಬರನ್ನೇ ಎತ್ತಿ ನದಿಯ ಮರಳುದಿಣ್ಣೆಗೆ ತರುವುದು, ಅಲ್ಲಿಂದ ಸಾಮಾನ್ಯ ವಿಮಾನದಲ್ಲಿ ಮುಂದಕ್ಕೆ ಕಳುಹಿಸುವುದು, ಇದು ಅವನ ಯೋಜನೆ. 200 ಅಶ್ವಶಕ್ತಿಗೂ ಕಡಮೆಯಾದ ಎಂಜಿನ್ನು ಆ ಬಿಸಿಗಾಳಿಯಲ್ಲಿ ಒಬ್ಬ ಪ್ರಯಾಣಿಕನನ್ನು ಎತ್ತುವುದೇ ಕಷ್ಟವಾಯಿತು. ಇಬ್ಬರನ್ನು ತರುವುದರೊಳಗೆ ಎಂಜಿನ್ನು ಕಾಯ್ದು ನಿಂತಿತು. ಉಳಿದಿಬ್ಬರು ಶತ್ರುವಿನ ನಡುವೆ ಇನ್ನೂ ಒಂದು ರಾತ್ರಿ ಕಳೆದರು; ಮರುದಿನ ಹಾರ್ಮನ್ ಅವರನ್ನೂ ಕರೆತಂದನು. ನಾಲ್ವರ ಪ್ರಾಣ ಉಳಿಯಿತು. ಎಂಜಿನ್ನಿನಲ್ಲಿ ಸ್ವಲ್ಪ ಸಾಮರ್ಥ್ಯ ಹೆಚ್ಚಿದ್ದಿದ್ದರೆ ಆ ರಾತ್ರಿಯ ಅವಶ್ಯಕತೆಯೇ ಬೀಳುತ್ತಿರಲಿಲ್ಲ.

ಹಾಗಾದರೆ ಎಷ್ಟು ಸಾಮರ್ಥ್ಯ ಬೇಕು? ಇದು ಕಾಲೇಜಿನ ಭೌತವಿಜ್ಞಾನದ ಮೊದಲ ವರ್ಷದ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ.

ಗಾಳಿಯಲ್ಲಿ ನಿಶ್ಚಲವಾಗಿ ನಿಂತಿರುವ ಹೆಲಿಕಾಪ್ಟರು ಗಾಳಿಯನ್ನು ಸತತವಾಗಿ ಕೆಳಕ್ಕೆ ನೂಕುತ್ತಿರುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿಯು ಅದನ್ನು ಮೇಲಕ್ಕೆ ನೂಕುತ್ತದೆ. ಈ ಮೇಲೆತ್ತುವ ಬಲವು, ಒಂದು ಸೆಕೆಂಡಿಗೆ ಗಾಳಿಗೆ ಎಷ್ಟು ಸಂವೇಗವನ್ನು ಕೊಟ್ಟೆವೋ ಅಷ್ಟಕ್ಕೆ ಸಮ. ಸಂವೇಗವೆಂದರೆ ರಾಶಿ ಮತ್ತು ವೇಗಗಳ ಗುಣಲಬ್ಧ. ಆದುದರಿಂದ ಸ್ವಲ್ಪ ಗಾಳಿಯನ್ನು ರಭಸದಿಂದ ನೂಕಿದರೂ ಒಂದೇ, ಬಹಳ ಗಾಳಿಯನ್ನು ಮೆಲ್ಲಗೆ ನೂಕಿದರೂ ಒಂದೇ. ಬಲವು ಸಮನಾಗಿಯೇ ದೊರೆಯುತ್ತದೆ. ಆದರೆ ಎಂಜಿನ್ನು ತೆರಬೇಕಾದ ಶಕ್ತಿ ಒಂದೇ ಅಲ್ಲ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. ಇಮ್ಮಡಿ ಗಾಳಿಯನ್ನು ಅರ್ಧ ವೇಗದಲ್ಲಿ ನೂಕಿದರೆ ಸಂವೇಗ ಮೊದಲಿನಷ್ಟೇ ಇದ್ದು, ವ್ಯಯವಾಗುವ ಶಕ್ತಿ ಮಾತ್ರ ಅರ್ಧವಾಗುತ್ತದೆ. ಅಂಬಿಗನ ಹುಟ್ಟಿನ ತುದಿ ಅಗಲವಾಗಿರುವುದು ಇದಕ್ಕಾಗಿಯೇ. ಬರಿಯ ಕೋಲಿನಿಂದ ನೀರನ್ನು ಹೊಡೆದು ದೋಣಿ ನಡೆಸಲು ಹೊರಟವನ ತೋಳು ಬೇಗನೆ ಸೋಲುತ್ತದೆ. ಹೆಲಿಕಾಪ್ಟರಿಗೆ ಅಷ್ಟು ಉದ್ದನೆಯ ಅಲಗುಗಳೇಕೆ ಎಂಬುದಕ್ಕೂ ಇದೇ ಕಾರಣ.

ಈಗ ಸಂಖ್ಯೆಗಳನ್ನು ಹಾಕೋಣ. ರೋಟರಿನ ಬಳಿ ಗಾಳಿಯ ವೇಗ ಎಷ್ಟಿರುತ್ತದೆಯೋ ಅದರ ಎರಡರಷ್ಟು ವೇಗ ಆ ಗಾಳಿಗೆ ಕೆಳಗೆ ಹೋದಮೇಲೆ ಬರುತ್ತದೆಂದು ಸಿದ್ಧಾಂತದಿಂದ ತೋರಿಸಬಹುದು. ಆದುದರಿಂದ ರೋಟರಿನ ಬಳಿಯ ವೇಗವನ್ನು ಕಾಣಲು, ಮೇಲೆತ್ತುವ ಬಲವನ್ನು ಗಾಳಿಯ ಸಾಂದ್ರತೆ ಮತ್ತು ಅಲಗುಗಳು ಸುತ್ತುವ ವೃತ್ತದ ವಿಸ್ತೀರ್ಣ ಇವುಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ ವರ್ಗಮೂಲವನ್ನು ತೆಗೆಯಬೇಕು. ಈ ವೇಗವನ್ನು ಬಲದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ಬರುತ್ತದೆ. ಉದಾಹರಣೆಗೆ, ಮುಂದೆ ವಿವರಿಸಲಿರುವ ಸಿಕೊರ್ಸ್ಕಿ ‘ಎಸ್-55’ ಯಂತ್ರವನ್ನು ತೆಗೆದುಕೊಳ್ಳಬಹುದು. ಅದರ ರೋಟರಿನ ವ್ಯಾಸ ಸುಮಾರು 16 ಮೀಟರು. ವಿಸ್ತೀರ್ಣ 205 ಚದರ ಮೀಟರು. ತುಂಬಿದ ಯಂತ್ರದ ರಾಶಿ ಸುಮಾರು 3,400 ಕಿಲೋಗ್ರಾಂ, ಎಂದರೆ ತೂಕ 33,300 ನ್ಯೂಟನ್. ಸಮುದ್ರಮಟ್ಟದ ಗಾಳಿಯ ಸಾಂದ್ರತೆ ಘನಮೀಟರಿಗೆ 1.225 ಕಿಲೋಗ್ರಾಂ. ಲೆಕ್ಕ ಮಾಡಿದರೆ ಗಾಳಿಯ ವೇಗ ಸೆಕೆಂಡಿಗೆ 8.1 ಮೀಟರೂ, ಸಾಮರ್ಥ್ಯ 271 ಕಿಲೋವಾಟ್, ಅಥವಾ 364 ಅಶ್ವಶಕ್ತಿಯೂ ಬರುತ್ತವೆ.

ಇದು ಆದರ್ಶ ರೋಟರಿನ ಲೆಕ್ಕ. ನಿಜವಾದ ಅಲಗುಗಳು ಗಾಳಿಯ ತಡೆಯನ್ನು ಎದುರಿಸಬೇಕಾದುದರಿಂದ ಕೊಟ್ಟ ಸಾಮರ್ಥ್ಯದ ನೂರಕ್ಕೆ ಎಪ್ಪತ್ತು ಪಾಲು ಮಾತ್ರ ಎತ್ತುವ ಕೆಲಸಕ್ಕೆ ಬೀಳುತ್ತದೆ. 364ನ್ನು 0.7ರಿಂದ ಭಾಗಿಸಿದರೆ 520. ಇಷ್ಟರಲ್ಲೇ ಮುಗಿಯಲಿಲ್ಲ. ಎಂಜಿನ್ನು ರೋಟರನ್ನು ಒಂದು ದಿಕ್ಕಿಗೆ ತಿರುಗಿಸಿದಾಗ ಯಂತ್ರದ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದೇ ಬಾಲದ ಚಿಕ್ಕ ರೋಟರಿನ ಕೆಲಸ. ಅದಕ್ಕೂ, ಹಲ್ಲುಚಕ್ರಗಳ ಘರ್ಷಣೆಗೂ ಇನ್ನು ಹತ್ತರಲ್ಲೊಂದು ಪಾಲು ಸಲ್ಲಬೇಕು. ಹೀಗೆ 570 ಅಶ್ವಶಕ್ತಿಗೆ ಬಂದೆವು. ಎಸ್-55ರ ಎಂಜಿನ್ನು ಕೊಡುತ್ತಿದ್ದುದು 600! ಕೈಯಲ್ಲಿ ಉಳಿದದ್ದು ಕೇವಲ ಮೂವತ್ತು. ಲಭ್ಯವಿದ್ದ ಎಂಜಿನ್ನಿನ ಅಂಚಿನವರೆಗೂ ಯಂತ್ರವನ್ನು ಹಿಗ್ಗಿಸಿ ನಿರ್ಮಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಸಾಮಾನ್ಯ ವಿಮಾನಕ್ಕೂ ಹೆಲಿಕಾಪ್ಟರಿಗೂ ಇರುವ ಮುಖ್ಯ ಭೇದ ಇಲ್ಲಿದೆ. ವಿಮಾನಕ್ಕೆ ಭಾರ ಹೆಚ್ಚಾದರೆ ಓಡುದಾರಿಯಲ್ಲಿ ಇನ್ನೂ ಸ್ವಲ್ಪ ದೂರ ಓಡಿ ವೇಗವನ್ನು ಗಳಿಸಿಕೊಂಡು ಏಳುತ್ತದೆ. ನಿಂತಲ್ಲೇ ಏಳುವ ಹೆಲಿಕಾಪ್ಟರಿಗೆ ಸಾಲ ಮಾಡುವ ಈ ದಾರಿಯಿಲ್ಲ. ಅದು ಪೂರ್ತಿ ಬೆಲೆಯನ್ನು ಮೊದಲ ಕ್ಷಣದಲ್ಲಿಯೇ ತೆರಬೇಕು.

ಯುದ್ಧ ಮುಗಿದಮೇಲೆ ಈ ಬೆಲೆಯನ್ನು ತೆರಲು ಸೈನ್ಯಗಳು ಸಿದ್ಧವಾದುದೇಕೆ? ಅಮೆರಿಕದ ನೌಕಾಸೈನಿಕರಾದ ಮೆರೀನ್ ದಳದವರ ಮಟ್ಟಿಗೆ ಕಾರಣ ಅಣುಬಾಂಬು. 1946ರ ಜುಲೈನಲ್ಲಿ ಬಿಕಿನಿ ದ್ವೀಪವಲಯದಲ್ಲಿ ನಡೆದ ಪರೀಕ್ಷೆಗಳನ್ನು ಕಣ್ಣಾರೆ ಕಂಡ ಜನರಲ್ ರಾಯ್ ಗೈಗರ್, ನೂರಾರು ಹಡಗುಗಳು ಒಂದು ಕಡಲತೀರದ ಮುಂದೆ ಒತ್ತಾಗಿ ನಿಂತು ಸೈನ್ಯವನ್ನು ಇಳಿಸುವ ಹಳೆಯ ಪದ್ಧತಿ ಇನ್ನು ನಡೆಯದೆಂದು ವರದಿ ಮಾಡಿದನು. ಒಂದೇ ಬಾಂಬಿಗೆ ಎಲ್ಲವೂ ಆಹುತಿಯಾದೀತು. ಹಡಗುಗಳು ದೂರದೂರ ಚದುರಿರಬೇಕು, ಆದರೂ ಸೈನಿಕರು ಒಂದೇ ಕಡೆ ಬೇಗನೆ ಇಳಿಯಬೇಕು. ಹಾಗಾದರೆ ದೋಣಿಯ ಬದಲು ಹೆಲಿಕಾಪ್ಟರೇ ಆಗಬೇಕು. 1947ರ ಡಿಸೆಂಬರಿನಲ್ಲಿ ಇದಕ್ಕೆಂದೇ ಒಂದು ಪ್ರಯೋಗದಳ ಸ್ಥಾಪಿತವಾಯಿತು. 1948ರ ಮೇ ತಿಂಗಳಿನ ಮೊದಲ ಅಭ್ಯಾಸದಲ್ಲಿ ಅವರ ಬಳಿ ಇದ್ದುದು ಐದು ಚಿಕ್ಕ ಯಂತ್ರಗಳು. ಅವು ಹಲವು ಬಾರಿ ಹೋಗಿಬಂದು ವಿಮಾನವಾಹಕ ನೌಕೆಯಿಂದ ದಡಕ್ಕೆ ಒಟ್ಟು 66 ಮಂದಿಯನ್ನು ಸಾಗಿಸಿದುವು. ಇಡೀ ಬೆಟಾಲಿಯನ್ನನ್ನು ಸಾಗಿಸುವ ಕನಸಿಗೂ ಈ ಅಂಕಿಗೂ ಬಹಳ ಅಂತರವಿತ್ತು.

ಹೆಚ್ಚು ಮಂದಿಯನ್ನು ಕೂರಿಸಹೊರಟಾಗ ಎದುರಾದುದು ತೂಕದ ಸಮಸ್ಯೆಯೊಂದೇ ಅಲ್ಲ, ತೂಗುವಿಕೆಯ ಸಮಸ್ಯೆಯೂ ಹೌದು. ಒಂದೇ ರೋಟರಿನ ಹೆಲಿಕಾಪ್ಟರು ಆ ರೋಟರಿನ ಕಂಬದಿಂದ ತೂಗುಬಿದ್ದ ವಸ್ತುವಿನಂತೆ. ಗುರುತ್ವಕೇಂದ್ರವು ಕಂಬದ ನೇರದಿಂದ ಸ್ವಲ್ಪವೇ ಆಚೀಚೆ ಸರಿಯಬಹುದು. ಹೆಚ್ಚು ಸರಿದರೆ ಮೂಗು ಅಥವಾ ಬಾಲ ಬಾಗಿ ಯಂತ್ರ ವೈಮಾನಿಕನ ಹತೋಟಿ ಮೀರುತ್ತದೆ. ಮೊದಮೊದಲಿನ ಯಂತ್ರಗಳಲ್ಲಿ ಪ್ರಯಾಣಿಕನೊಬ್ಬ ಇಳಿದುಹೋದರೆ ಅವನ ಬದಲಿಗೆ ಭಾರದ ವಸ್ತುಗಳನ್ನಿಟ್ಟು ಸರಿದೂಗಿಸಬೇಕಾಗುತ್ತಿತ್ತು.

ಇದಕ್ಕೆ ಎರಡು ಪರಿಹಾರಗಳು ದೊರೆತುವು. ಒಂದು, ಫ್ರಾಂಕ್ ಪಿಯಾಸೆಕಿ ಎಂಬ ಅಮೆರಿಕನ್ ಎಂಜಿನಿಯರನದು. ಉದ್ದನೆಯ ಒಡಲಿನ ಎರಡು ತುದಿಗಳಲ್ಲಿ ಎರಡು ಸಮಾನ ರೋಟರುಗಳನ್ನಿಟ್ಟು, ಅವು ವಿರುದ್ಧ ದಿಕ್ಕುಗಳಲ್ಲಿ ತಿರುಗುವಂತೆ ಅವನು ಮಾಡಿದನು. ಒಂದರ ಪ್ರತಿಕ್ರಿಯೆಯನ್ನು ಇನ್ನೊಂದು ಅಳಿಸುವುದರಿಂದ ಬಾಲದ ರೋಟರು ಬೇಡವಾಯಿತು. ಎರಡೂ ಎತ್ತುವ ಕೆಲಸಕ್ಕೇ ಒದಗಿದುವು. ಭಾರ ನಡುವೆ ಎಲ್ಲಿದ್ದರೂ ಹೆಚ್ಚು ಚಿಂತೆಯಿಲ್ಲ. ತಲೆಹೊರೆಯನ್ನು ಸರಿತೂಗಿಸುವುದಕ್ಕೂ ಮುಂದೊಬ್ಬ ಹಿಂದೊಬ್ಬ ಹೊತ್ತ ಪಲ್ಲಕ್ಕಿಗೂ ಇರುವ ವ್ಯತ್ಯಾಸ ಇದೇ. ಈ ಯಂತ್ರವು 1945ರ ಮಾರ್ಚ್ 7ರಂದು ಮೊದಲು ಹಾರಿತು. ಹಿಂಬದಿಯ ರೋಟರು ಮುಂದಿನದರ ಗಾಳಿಗೆ ಸಿಕ್ಕದಿರಲೆಂದು ಎತ್ತರದಲ್ಲಿತ್ತು. ಅದಕ್ಕಾಗಿ ಒಡಲು ನಡುವೆ ಬಾಗಿತ್ತು. ಸೈನಿಕರು ಅದಕ್ಕೆ ‘ಹಾರುವ ಬಾಳೆಹಣ್ಣು’ ಎಂದು ಹೆಸರಿಟ್ಟರು. ಹೆಸರು ಹಾಸ್ಯದ್ದಾದರೂ ಕಲ್ಪನೆ ಗಟ್ಟಿಯಾದುದು.

ಎರಡನೆಯ ಪರಿಹಾರ ಸಿಕೊರ್ಸ್ಕಿಯ ಎಸ್-55. ಅದು ಹಾರಿದ್ದು 1949ರ ನವೆಂಬರಿನಲ್ಲಿ. ಅದರಲ್ಲಿ ಎಂಜಿನ್ನನ್ನು ಮೂಗಿನಲ್ಲಿ ಓರೆಯಾಗಿಟ್ಟು, ಅಲ್ಲಿಂದ ಒಂದು ದಂಡವನ್ನು ವೈಮಾನಿಕರ ಆಸನಗಳ ನಡುವೆ ಮೇಲಕ್ಕೆ ಒಯ್ದು ರೋಟರಿಗೆ ಜೋಡಿಸಿದರು. ಹೀಗೆ ರೋಟರಿನ ನೇರ ಕೆಳಗಿನ ಜಾಗವೆಲ್ಲ ಖಾಲಿಯಾಯಿತು. ಹತ್ತು ಮಂದಿ ಕೂರುವ ಕೋಣೆಯನ್ನು ಅಲ್ಲಿಯೇ ಮಾಡಿದರು. ಕೋಣೆ ತುಂಬಿದ್ದರೂ ಬರಿದಾದರೂ ಗುರುತ್ವಕೇಂದ್ರ ಹೆಚ್ಚು ಕದಲುವುದಿಲ್ಲ. ನೋಟಕ್ಕೆ ಗೂನುಬೆನ್ನಿನ ಈ ಯಂತ್ರ ಚೆಲುವಾದುದೇನೂ ಅಲ್ಲ. ಆದರೆ ವಿನ್ಯಾಸದ ಜಾಣ್ಮೆಯಲ್ಲಿ ಇದಕ್ಕೆ ಸಾಟಿಯಾದುದು ಆ ಕಾಲದಲ್ಲಿ ವಿರಳವೆಂದು ನನ್ನ ಅಭಿಪ್ರಾಯ.

ಕೊರಿಯಾ ಯುದ್ಧದಲ್ಲಿ ಇದರ ಪರೀಕ್ಷೆಯಾಯಿತು. 1951ರ ಸೆಪ್ಟೆಂಬರ್ 13ರಂದು ಮೆರೀನ್ ದಳದ ಎಸ್-55ಗಳು ಬೆಟ್ಟದ ಮೇಲಿದ್ದ ಬೆಟಾಲಿಯನ್ನಿಗೆ ಒಂದೇ ದಿನದಲ್ಲಿ 18,848 ಪೌಂಡು ಸಾಮಗ್ರಿಯನ್ನು ಮುಟ್ಟಿಸಿ, ಹಿಂದಿರುಗುವಾಗ 74 ಮಂದಿ ಗಾಯಾಳುಗಳನ್ನು ತಂದುವು. ಅದೇ ತಿಂಗಳ 21ರಂದು 224 ಸೈನಿಕರನ್ನು 884 ಮೀಟರು ಎತ್ತರದ ಒಂದು ಗುಡ್ಡದ ಮೇಲೆ ಇಳಿಸಿದುವು. ಅಕ್ಟೋಬರಿನಲ್ಲಿ ಹನ್ನೆರಡು ಯಂತ್ರಗಳು ಸುಮಾರು ಆರು ಗಂಟೆಗಳಲ್ಲಿ 958 ಮಂದಿಯ ಪೂರ್ಣ ಬೆಟಾಲಿಯನ್ನನ್ನೇ ಸಾಗಿಸಿದುವು.

ಈ ಕೊನೆಯ ಅಂಕಿಯನ್ನು ವಿದ್ಯಾರ್ಥಿಗಳು ಸ್ವಲ್ಪ ಬಿಡಿಸಿ ನೋಡಬೇಕು. ಆಸನಗಳು ಹತ್ತು, ಆದರೆ ಒಂದೊಂದು ಹಾರಾಟಕ್ಕೆ ಹೋದವರು ಸರಾಸರಿ ಆರು ಮಂದಿ. ಏಕೆ? ಬರಿಯ ಯಂತ್ರದ ರಾಶಿಯೇ ಸುಮಾರು 2,300 ಕಿಲೋಗ್ರಾಂ. 3,400ರಲ್ಲಿ ಅದನ್ನು ಕಳೆದರೆ ಉಳಿಯುವುದು 1,100. ಇಬ್ಬರು ವೈಮಾನಿಕರಿಗೆ 160. ತುಂಬಿದ ಇಂಧನಕ್ಕೂ ಎಣ್ಣೆಗೂ ಸುಮಾರು 500. ಉಳಿದದ್ದು 440. ಕೋವಿ, ಗುಂಡು, ಮೂಟೆಗಳ ಸಹಿತ ಒಬ್ಬ ಸೈನಿಕನೆಂದರೆ ನೂರು ಕಿಲೋಗ್ರಾಂಗೆ ಕಡಮೆಯಿಲ್ಲ. ಎಂದರೆ ನಾಲ್ವರು! ಇಂಧನವನ್ನು ಅರ್ಧಕ್ಕಿಳಿಸಿದರೆ ಆರು, ಹೆಚ್ಚೆಂದರೆ ಏಳು ಮಂದಿ. ದೂರವನ್ನು ಕೊಟ್ಟು ಜನರನ್ನು ಕೊಳ್ಳುವ ವ್ಯಾಪಾರವಿದು.

ಗಾಳಿ ತೆಳುವಾದರಂತೂ ಈ ವ್ಯಾಪಾರ ಇನ್ನೂ ಬಿಗಿಯಾಗುತ್ತದೆ. ಸಮುದ್ರಮಟ್ಟದಿಂದ 1,000 ಮೀಟರು ಎತ್ತರದಲ್ಲಿ, 35 ಡಿಗ್ರಿ ಸೆಂಟಿಗ್ರೇಡ್ ಸೆಕೆಯ ದಿನ, ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.02 ಕಿಲೋಗ್ರಾಂ, ನೂರಕ್ಕೆ 17 ಪಾಲು ಕಡಮೆ. ಎಂಜಿನ್ನೂ ಗಾಳಿಯನ್ನೇ ಉಸಿರಾಡುವುದರಿಂದ ಅದರ ಸಾಮರ್ಥ್ಯವೂ ಅದೇ ಪ್ರಮಾಣದಲ್ಲಿ ಕುಗ್ಗಿತೆಂದು ಭಾವಿಸಿದರೆ, ಮೇಲಿನ ಸೂತ್ರದಂತೆ ಎತ್ತಬಹುದಾದ ಒಟ್ಟು ಭಾರವೂ ನೂರಕ್ಕೆ 17ರಷ್ಟು ಇಳಿಯುತ್ತದೆ. 3,400ರಲ್ಲಿ 17 ಪಾಲೆಂದರೆ 580 ಕಿಲೋಗ್ರಾಂ. ಇದನ್ನು ಎಲ್ಲಿಂದ ಕಳೆಯುವುದು? ಯಂತ್ರದ ತೂಕ ಇಳಿಯುವುದಿಲ್ಲ, ವೈಮಾನಿಕರು ಬೇಕೇ ಬೇಕು. ಕಡಿತವೆಲ್ಲ ಬೀಳುವುದು ಪ್ರಯಾಣಿಕರ ಪಾಲಿನ ಮೇಲೆ. ಅರ್ಧ ಇಂಧನದಲ್ಲಿ ಹೊರಟರೂ ಒಬ್ಬನಿಗೆ ಮಾತ್ರ ಸ್ಥಳ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನವಿದ್ದರೆ ಅದರ ಸಾಮರ್ಥ್ಯ ಅಷ್ಟು ಬೇಗ ಕುಗ್ಗದು. ಸಾಮರ್ಥ್ಯ ಸ್ವಲ್ಪವೂ ಕುಗ್ಗದಿದ್ದರೆ ಎತ್ತುವ ಭಾರ ಸಾಂದ್ರತೆಯ ಘನಮೂಲದಂತೆ ಇಳಿಯುತ್ತದೆ; ನಷ್ಟ ಆಗ 200 ಕಿಲೋಗ್ರಾಂ, ಎಂದರೆ ಇಬ್ಬರು ಸೈನಿಕರು. ನಿಜಸ್ಥಿತಿ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಇದು ಕಾಗದದ ಲೆಕ್ಕವಷ್ಟೇ ಅಲ್ಲ. ಪಿಯಾಸೆಕಿಯ ‘ಎಚ್-21’ ಯಂತ್ರವನ್ನು ಉತ್ತರಧ್ರುವದ ಸಮೀಪದ ಶೀತಪ್ರದೇಶಗಳಲ್ಲಿ ರಕ್ಷಣಾಕಾರ್ಯ ನಡೆಸಲೆಂದು ಅಮೆರಿಕದ ವಾಯುಸೇನೆ ಕೊಂಡಿತು. ಶೀತಗಾಳಿ ದಟ್ಟವಾದುದು, ಅಲ್ಲಿ ಅದು ಇಪ್ಪತ್ತು ಮಂದಿಯನ್ನು ಹೊರಬಲ್ಲದು. ಅದೇ ಯಂತ್ರವನ್ನು 1961ರ ಡಿಸೆಂಬರಿನಲ್ಲಿ ಹಡಗಿನ ಮೇಲೆ ವಿಯೆಟ್ನಾಮಿಗೆ ತಂದರು. ಆ ಸೆಕೆಯಲ್ಲಿ ಅದರ ಹೊರೆ ಸುಮಾರು ಅರ್ಧಕ್ಕಿಳಿಯಿತು. ಸಾಮರ್ಥ್ಯದ ಅಂಚಿನಲ್ಲಿರುವ ಯಂತ್ರ ಇಳಿಯುವಾಗಲೂ ಏಳುವಾಗಲೂ ನಿಧಾನ. ಕೆಳಗಿನಿಂದ ಗುಂಡು ಹಾರಿಸುವವನಿಗೆ ಸುಲಭದ ಗುರಿ. 1963ರ ಜನವರಿ 2ರಂದು ಆಪ್ ಬಾಕ್ ಎಂಬ ಹಳ್ಳಿಯ ಬಳಿ ಒಂದೇ ದಿನ ಐದು ಹೆಲಿಕಾಪ್ಟರುಗಳು ನಷ್ಟವಾದುವು.

ನುರಿತ ವೈಮಾನಿಕರು ಇಂತಹ ಸ್ಥಿತಿಯಲ್ಲಿ ಎರಡು ಉಪಾಯಗಳನ್ನು ಬಳಸುತ್ತಿದ್ದರು. ಎರಡಕ್ಕೂ ಭೌತವಿಜ್ಞಾನದ ಆಧಾರವುಂಟು. ನೆಲಕ್ಕೆ ಬಹು ಸಮೀಪದಲ್ಲಿ ರೋಟರು ತಿರುಗುತ್ತಿದ್ದರೆ, ಕೆಳಕ್ಕೆ ಬರುವ ಗಾಳಿಯನ್ನು ನೆಲ ತಡೆಯುತ್ತದೆ. ಆಗ ಅದೇ ಭಾರಕ್ಕೆ ಕಡಮೆ ಸಾಮರ್ಥ್ಯ ಸಾಕು. ನೆಲದಿಂದ ಕೆಲವು ಅಡಿ ಏಳಬಲ್ಲ ಹೆಲಿಕಾಪ್ಟರು ಮೂವತ್ತು ಅಡಿ ಏಳಲಾರದೆ ಹೋಗುವುದು ಇದರಿಂದಲೇ. ಎರಡನೆಯದಾಗಿ, ಯಂತ್ರ ಮುಂದಕ್ಕೆ ಚಲಿಸತೊಡಗಿದರೆ ರೋಟರಿಗೆ ಪ್ರತಿ ಸೆಕೆಂಡಿಗೂ ಹೊಸ ಗಾಳಿ ಹೆಚ್ಚು ಸಿಕ್ಕುತ್ತದೆ; ಹೆಚ್ಚು ಗಾಳಿಯನ್ನು ಮೆಲ್ಲಗೆ ನೂಕಿದರೆ ಸಾಕಾಗುತ್ತದೆ. ಆದುದರಿಂದ ಗಂಟೆಗೆ ಐವತ್ತು ಮೈಲಿಯಲ್ಲಿ ಹಾರುವುದಕ್ಕಿಂತ ನಿಶ್ಚಲವಾಗಿ ನಿಲ್ಲುವುದೇ ಹೆಲಿಕಾಪ್ಟರಿಗೆ ಹೆಚ್ಚು ಆಯಾಸ! ಸ್ವಲ್ಪ ಸಮತಟ್ಟಾದ ನೆಲ ಸಿಕ್ಕಿದರೆ ಭಾರವಾದ ಹೆಲಿಕಾಪ್ಟರನ್ನೂ ಚಕ್ರಗಳ ಮೇಲೆ ಓಡಿಸಿ, ವಿಮಾನದಂತೆಯೇ ಎಬ್ಬಿಸುತ್ತಿದ್ದರು.

ಕೊನೆಗೆ ಬಿಡುಗಡೆ ದೊರೆತುದು ಎಂಜಿನ್ನಿನ ಕಡೆಯಿಂದ. ಎಸ್-55ರಲ್ಲಿದ್ದ ಪಿಸ್ಟನ್ ಎಂಜಿನ್ನು ಒಂದು ಅಶ್ವಶಕ್ತಿಗೆ ಸುಮಾರು ಒಂದೂವರೆ ಪೌಂಡು ತೂಗುತ್ತಿತ್ತು. ಅನಿಲ ಟರ್ಬೈನು ಅದೇ ಕೆಲಸವನ್ನು ಅರ್ಧ ಪೌಂಡಿನ ಆಸುಪಾಸಿನಲ್ಲಿ ಮಾಡಿತು. ಇಂಧನವನ್ನು ಅದು ಹೆಚ್ಚು ಕುಡಿಯುತ್ತದೆಂಬುದು ನಿಜ. ಆದರೆ ಗಾತ್ರ ಚಿಕ್ಕದಾದುದರಿಂದ ಅದನ್ನು ಕೋಣೆಯ ಚಾವಣಿಯ ಮೇಲೆ, ರೋಟರಿನ ಪಕ್ಕದಲ್ಲೇ ಕೂರಿಸಬಹುದು. ಟರ್ಬೈನಿನಿಂದ ನಡೆದ ಮೊದಲ ಹೆಲಿಕಾಪ್ಟರು, ಅಮೆರಿಕದ ಕಾಮನ್ ಸಂಸ್ಥೆಯದು, 1951ರ ಡಿಸೆಂಬರಿನಲ್ಲಿ ಹಾರಿತು. ಫ್ರೆಂಚರ ‘ಅಲೂಯೆತ್’ 1955ರಲ್ಲಿಯೂ, ವಿಯೆಟ್ನಾಂ ಯುದ್ಧದಲ್ಲಿ ಹೆಸರಾದ ಬೆಲ್ ಸಂಸ್ಥೆಯ ಯಂತ್ರ 1956ರಲ್ಲಿಯೂ ಬಂದುವು. ಅಲೂಯೆತ್ ವಂಶದ ಮೂರನೆಯ ಯಂತ್ರವೇ ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ತಯಾರಾಗಿ, 1965ರಲ್ಲಿ ಮೊದಲು ಹಾರಿದ ‘ಚೇತಕ್’. 1961ರಲ್ಲಿ ಎರಡು ರೋಟರು, ಎರಡು ಟರ್ಬೈನುಗಳ ‘ಚಿನೂಕ್’ ಹಾರಿತು. ಹಾರುವ ಬಾಳೆಹಣ್ಣಿನ ಈ ಮೊಮ್ಮಗ ಇಂದಿಗೂ ಹಲವು ದೇಶಗಳ ಸೇವೆಯಲ್ಲಿದೆ, ಭಾರತವೂ ಅವುಗಳಲ್ಲೊಂದು.

ಭಾರತದ ವಾಯುಸೇನೆಗೆ ಮೊದಲು, 1954ರಲ್ಲಿ, ಬಂದುದು ಎಸ್-55. ಅನಂತರ 1960ರ ಸುಮಾರಿಗೆ ಸೋವಿಯತ್ ದೇಶದ ‘ಮಿ-4’ ಬಂದಿತು. ಮಿಖಾಯಿಲ್ ಮಿಲ್ ರಚಿಸಿ, 1952ರಲ್ಲಿ ಹಾರಿದ ಈ ಯಂತ್ರದಲ್ಲಿಯೂ ಎಂಜಿನ್ನು ಮೂಗಿನಲ್ಲೇ. ಆದರೆ ಅದು 1,700 ಅಶ್ವಶಕ್ತಿಯದು. ಹಿಂಬದಿ ಚಿಪ್ಪಿನಂತೆ ಎರಡಾಗಿ ತೆರೆಯುತ್ತಿದ್ದುದರಿಂದ ಒಂದು ಚಿಕ್ಕ ಸೈನಿಕ ಮೋಟಾರನ್ನೂ ಒಳಕ್ಕೆ ಓಡಿಸಬಹುದಾಗಿತ್ತು.

1971ರ ಡಿಸೆಂಬರಿನಲ್ಲಿ, ಬಾಂಗ್ಲಾದೇಶದ ಯುದ್ಧದಲ್ಲಿ, ಮೇಘನಾ ನದಿಯ ಸೇತುವೆ ಶತ್ರುವಿನಿಂದ ಮುರಿದುಹೋಗಿದ್ದಾಗ ಜನರಲ್ ಸಗತ್ ಸಿಂಗ್ ಅವರು ತಮ್ಮ ಸೈನ್ಯವನ್ನು ಮಿ-4ಗಳಲ್ಲಿ ನದಿ ದಾಟಿಸಿದರು. ಹನ್ನೆರಡು ಹದಿನಾಲ್ಕು ಯಂತ್ರಗಳು ಹಗಲಿರುಳು ಹೋಗಿಬಂದುವು. ದೂರ ಅಲ್ಪ, ಇಂಧನ ಸ್ವಲ್ಪವೇ ಸಾಕು. ಸಮುದ್ರಮಟ್ಟದ ಬಯಲು, ಚಳಿಗಾಲದ ದಟ್ಟ ಗಾಳಿ. ನಿಗದಿಯಾದ ಸಂಖ್ಯೆಗಿಂತ ಹೆಚ್ಚು ಮಂದಿಯನ್ನು ಯಂತ್ರಗಳು ಹೊತ್ತುವು. ಇದೇ ಮಿ-4 ಅದಕ್ಕೆ ಒಂಬತ್ತು ವರ್ಷ ಮೊದಲು, 1962ರಲ್ಲಿ, ಲಡಾಖಿನ ಎತ್ತರದ ಠಾಣೆಗಳಿಗೆ ಹೋಗುತ್ತಿತ್ತು. 5,000 ಮೀಟರು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಹತ್ತರಲ್ಲಾರು ಪಾಲು, 0.6ರ ಘನಮೂಲ 0.84. ತುಂಬಿದ ಮಿ-4ರ ರಾಶಿ ಸುಮಾರು 7,300 ಕಿಲೋಗ್ರಾಂ. ಎಂಜಿನ್ನು ಸ್ವಲ್ಪವೂ ಸೋಲಲಿಲ್ಲವೆಂದು ಇಟ್ಟುಕೊಂಡರೂ, ಅಲ್ಲಿ ನಿಶ್ಚಲವಾಗಿ ನಿಲ್ಲಬೇಕಾದರೆ 1,150 ಕಿಲೋಗ್ರಾಂ ಭಾರವನ್ನು ಕೆಳಗೇ ಬಿಟ್ಟು ಬರಬೇಕು. ಮೇಘನೆಯ ಮೇಲೆ ಹನ್ನೊಂದು ಮಂದಿ ಸೈನಿಕರು ಕೂತಿದ್ದ ಸ್ಥಳವದು.